ಕರೆಂಟ್ ಹೋದ ರಾತ್ರಿ ಒಣಗಿದ ಚಿತ್ರ

ಇವತ್ತಿನ ನನ್ನ ಮಾತು ಚಿತ್ರಕಲೆಯಲ್ಲಿ ತಾನಾಗಿ ಆಗುವುದರ ಬಗ್ಗೆ, ಅಂದರೆ ಆಕಸ್ಮಿಕದ ಬಗ್ಗೆ. ಶುರು ಮಾಡುವ ಮೊದಲು ಒಂದು ಕೆಲಸ ಮಾಡಿಬಿಡುತ್ತೇನೆ. ಈ ಮೇಜಿನ ಮೇಲೆ ಒಂದು ಹಾಳೆ ಇದೆ. ಹತ್ತಿಯಿಂದ ಮಾಡಿದ 300 ಜಿಎಸ್ಎಂ ಕಾಗದ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ನಾಲ್ಕೂ ಕಡೆ ಟೇಪ್ ಹಚ್ಚಿ ಹಲಗೆಗೆ ಅಂಟಿಸಿದ್ದೇನೆ. ಈಗ ಅಗಲದ ಕುಂಚದಿಂದ ಬರೀ ನೀರು ಬಳಿಯುತ್ತಿದ್ದೇನೆ. ಹಿಂದೆ ಕೂತವರಿಗೆ ಕಾಣಿಸುತ್ತೋ ಇಲ್ಲವೋ, ಹಾಳೆ ಈಗ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಇದಕ್ಕೆ ಎರಡು ಜಲವರ್ಣ ಬಿಡುತ್ತೇನೆ. ಒಂದು ಅಲ್ಟ್ರಾಮರೀನ್ ನೀಲಿ. ಇನ್ನೊಂದು ಬರ್ನ್ಟ್ ಸಿಯೆನ್ನಾ, ಅಂದರೆ ಸುಟ್ಟ ಇಟ್ಟಿಗೆಯಂಥ ಕಂದು. ಎರಡೂ ಸೇರುವ ಹಾಗೆ ಹಲಗೆಯನ್ನು ಸ್ವಲ್ಪ ಓರೆ ಮಾಡಿ ಇಡುತ್ತೇನೆ. ಅಷ್ಟೇ. ನನ್ನ ಮಾತು ಮುಗಿಯುವ ಹೊತ್ತಿಗೆ ಇದು ಹೆಚ್ಚುಕಮ್ಮಿ ಒಣಗಿರುತ್ತದೆ. ಆಗ ಎಲ್ಲರೂ ಸೇರಿ ನೋಡೋಣ.

ವೇದಿಕೆಯ ಮೇಲಿನ ಫ್ಯಾನ್ ಆರಿಸಿ ಅಂತ ನಾನೇ ಕೇಳಿಕೊಂಡೆ. ಯಾಕೆ ಅಂತ ಹೇಳಬೇಕಾದರೆ ಒಂದು ಹಳೆಯ ರಾತ್ರಿಗೆ ಹೋಗಬೇಕು.

ಸುಮಾರು 15 ವರ್ಷದ ಹಿಂದಿನ ಮಾತು. ಮಲೆನಾಡಿನ ಒಂದು ಬೆಟ್ಟದ ಚಿತ್ರ ಮಾಡುತ್ತಿದ್ದೆ. ಬೆಳಗಿನ ಮಂಜು ಬೆಟ್ಟ ಬಿಟ್ಟು ಮೇಲೇಳುವ ಹೊತ್ತು. ನೋಡಿದವರಿಗೆ ಗೊತ್ತು, ಆ ಮಂಜು ಬಿಳಿಯಲ್ಲ. ಅದರೊಳಗೆ ಕಾಡಿನ ಕಪ್ಪು ಇರುತ್ತದೆ, ನೆನೆದ ಮಣ್ಣಿನ ಕೆಂಪು ಇರುತ್ತದೆ, ಆದರೆ ಇದು ಇಂಥದ್ದು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಒಂದು ವಾರ ಅದರ ಹಿಂದೆ ಬಿದ್ದೆ. 11 ಹಾಳೆ ಕೆಟ್ಟವು. ಮಂಜು ಹೇಗೆ ಬರೆಯಬೇಕು ಅಂತ ನನ್ನ ಕೈಗೆ ಚೆನ್ನಾಗಿ ಗೊತ್ತಿತ್ತು. ಅದೇ ತೊಂದರೆ ಆಗಿತ್ತು. ಕೈಗೆ ಗೊತ್ತಿದ್ದ ಮಂಜೇ ಪ್ರತಿ ಸಲವೂ ಬರುತ್ತಿತ್ತು. ಕ್ಯಾಲೆಂಡರಿನಲ್ಲಿ ಇರುತ್ತದಲ್ಲ, ಅಂಥ ಮಂಜು.

ಆ ರಾತ್ರಿ 12ನೇ ಹಾಳೆಗೆ ಬಣ್ಣ ಬಿಟ್ಟಿದ್ದೆ ಅಷ್ಟೇ, ಕರೆಂಟ್ ಹೋಯಿತು. ತಲೆ ಮೇಲೆ ತಿರುಗುತ್ತಿದ್ದ ಫ್ಯಾನ್ ನಿಂತಿತು. ಕತ್ತಲಲ್ಲಿ ಕುಂಚ ಎಲ್ಲಿಟ್ಟೆ, ನೀರಿನ ಲೋಟ ಎಲ್ಲಿ ಅಂತ ತಡಕಾಡಿದೆ. ಮೇಣದಬತ್ತಿ ಹುಡುಕುವ ಉತ್ಸಾಹವೂ ಇರಲಿಲ್ಲ. ಹೋದರೆ ಹೋಗಲಿ ಅಂತ ಹಾಗೇ ಬಿಟ್ಟು ಮಲಗಿಬಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಹಾಳೆಯ ಮೇಲೆ ನನ್ನ ಬೆಟ್ಟ ಇತ್ತು. ನಾನು ಬರೆಯದ ಬೆಟ್ಟ.

ಆದದ್ದು ಏನು ಅಂದರೆ, ಫ್ಯಾನಿನ ಕೆಳಗೆ ನನ್ನ ಹಾಳೆ ಐದಾರು ನಿಮಿಷಕ್ಕೆ ಒಣಗುತ್ತಿತ್ತು. ಬಣ್ಣ ಎಲ್ಲಿ ಬಿದ್ದಿತೋ ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಆ ರಾತ್ರಿ ಗಾಳಿ ಇಲ್ಲ, ಮೇಲೆ ಮಳೆಗಾಲದ ತೇವ. ಹಾಳೆ ಬಹಳ ಹೊತ್ತು ಒದ್ದೆಯಾಗೇ ಉಳಿದಿದೆ. ಅಲ್ಟ್ರಾಮರೀನ್ ಬಣ್ಣದ ಕಣಗಳಿಗೆ ಒಂದು ಗುಣ ಇದೆ. ಹೊತ್ತು ಸಿಕ್ಕರೆ ಅವು ಗುಂಪುಗೂಡಿ ಕಾಗದದ ತಗ್ಗುಗಳಲ್ಲಿ ಇಳಿದು ಕೂರುತ್ತವೆ. ಕಂದು ಬಣ್ಣ ಹಾಗೆ ಕೂರುವುದಿಲ್ಲ, ನೀರಿನ ಜೊತೆ ಹರಿದು ಹೋಗುತ್ತದೆ. ನಾನು ಬೆರೆಸಿ ಬೂದು ಮಾಡಿದ್ದನ್ನು ನೀರು ನಿಧಾನಕ್ಕೆ ಮತ್ತೆ ಬೇರೆ ಮಾಡಿತ್ತು. ಬೂದಿನೊಳಗಿಂದ ನೀಲಿ ಚುಕ್ಕೆ ಚುಕ್ಕೆಯಾಗಿ ಎದ್ದಿತ್ತು, ಅಂಚಿನಲ್ಲಿ ಮಣ್ಣಿನ ಕೆಂಪು ನಿಂತಿತ್ತು. ಒಂದು ಕಡೆ ಕುಂಚದಿಂದ ಹನಿ ತೊಟ್ಟಿಕ್ಕಿದ್ದು ಹೂಕೋಸಿನ ಅಂಚಿನ ಹಾಗೆ ಹರಡಿತ್ತು. ಅರೆ ಒಣಗಿದ ಬಣ್ಣದ ಮೇಲೆ ನೀರು ಬಿದ್ದರೆ ಅದು ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ. ಸಾಮಾನ್ಯವಾಗಿ ನಾವು ಅದನ್ನು ತಪ್ಪು ಅಂತ ಒರೆಸುತ್ತೇವೆ. ಅಲ್ಲಿ ಅದು ಮಂಜಿನ ಮೇಲ್ಗಡೆಯ ಸುರುಳಿಯಾಗಿತ್ತು.

ನಾನು ಅದಕ್ಕೆ ಕೆಳಗಡೆ ಮೂರು ಮರದ ಗೆರೆ ಸೇರಿಸಿದೆ. ಬೇರೆ ಏನೂ ಮಾಡಲಿಲ್ಲ. ಈಗಲೂ ಅದು ನಮ್ಮ ಮನೆಯ ಗೋಡೆಯ ಮೇಲಿದೆ. ಯಾರು ಕೇಳಿದರೂ ಕೊಟ್ಟಿಲ್ಲ.

ಅವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಚಿತ್ರ ಮಾಡಿದ್ದು ಯಾರು?

ನಮ್ಮ ಹಿರಿಯರು ಒಂದು ಮಾತು ಹೇಳುತ್ತಿದ್ದರು, ಘುಣಾಕ್ಷರ ನ್ಯಾಯ ಅಂತ. ಘುಣ ಅಂದರೆ ಮರ ಕೊರೆಯುವ ಹುಳ. ಅದು ತನ್ನ ಹೊಟ್ಟೆಪಾಡಿಗೆ ಮರ ಕೊರೆಯುತ್ತಾ ಹೋಗುತ್ತದೆ. ಎಲ್ಲೋ ಒಂದು ಕಡೆ ಆ ಗೀರು ಅಕ್ಷರದ ಹಾಗೆ ಕಾಣುತ್ತದೆ. ಹುಳಕ್ಕೆ ಅಕ್ಷರ ಬರುವುದಿಲ್ಲ. ತಾನಾಗಿ ಆದದ್ದು ಅಂತ ಹೇಳಲು ಈ ಮಾತನ್ನು ಬಳಸುತ್ತಾರೆ. ನನಗೆ ಮಾತ್ರ ಇದರ ಇನ್ನೊಂದು ಕೊನೆಯ ಮೇಲೇ ಕಣ್ಣು. ಹುಳಕ್ಕೆ ಓದಲು ಬರುವುದಿಲ್ಲ ಸರಿ. ಓದಿದವನು ಒಬ್ಬ ಇದ್ದನಲ್ಲ? ಆ ತೊಲೆಯ ಕೆಳಗೆ ಎಷ್ಟೋ ಜನ ಓಡಾಡಿರುತ್ತಾರೆ. ಅಕ್ಷರ ಕಲಿತವನ ಕಣ್ಣಿಗೆ ಮಾತ್ರ ಅದು ಅಕ್ಷರ.

ನನ್ನ 12ನೇ ಹಾಳೆ ನನಗೆ ಬೆಟ್ಟವಾಗಿ ಕಂಡಿದ್ದು ಮೊದಲ 11 ಹಾಳೆ ಕೆಟ್ಟಿದ್ದರಿಂದ. ಇದನ್ನು ನಾನು ನಂಬಿದ್ದೇನೆ. ಒಂದು ವಾರ ಆ ಮಂಜನ್ನು ಹುಡುಕದೆ ಇದ್ದಿದ್ದರೆ, ಬೆಳಿಗ್ಗೆ ಎದ್ದವನು ಛೆ, ಬಣ್ಣ ಒಡೆದು ಹೋಗಿದೆ ಅಂತ ಹಾಳೆಯನ್ನು ಮಡಚಿ ಹಾಕುತ್ತಿದ್ದೆ.

ಇದು ಬಹಳ ಹಳೆಯ ವಿಷಯ. ಪ್ರಾಚೀನ ರೋಮಿನ ಲೇಖಕ ಪ್ಲಿನಿ ಒಂದು ಕಥೆ ಬರೆದಿಟ್ಟಿದ್ದಾನೆ. ಗ್ರೀಸಿನಲ್ಲಿ ಪ್ರೊಟೊಜೆನಿಸ್ ಅಂತ ಒಬ್ಬ ಚಿತ್ರಕಾರ ಇದ್ದ. ಕ್ರಿಸ್ತಪೂರ್ವ 4ನೇ ಶತಮಾನ. ಅವನು ಒಂದು ನಾಯಿಯ ಚಿತ್ರ ಮಾಡುತ್ತಿದ್ದ. ನಾಯಿ ಏದುಸಿರು ಬಿಡುತ್ತಿದೆ, ಬಾಯಲ್ಲಿ ನೊರೆ. ಉಳಿದದ್ದೆಲ್ಲ ಚೆನ್ನಾಗಿ ಬಂತು, ನೊರೆ ಮಾತ್ರ ಬರಲಿಲ್ಲ. ಬಾಯಿಂದ ಬಂದ ನೊರೆಯ ಹಾಗೆ ಇರದೆ, ಬರೆದ ನೊರೆಯ ಹಾಗೇ ಕಾಣುತ್ತಿತ್ತು. ಬರೆದ, ಸ್ಪಂಜಿನಿಂದ ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಕೊನೆಗೆ ಸಿಟ್ಟು ಬಂದು ಅದೇ ಸ್ಪಂಜನ್ನು ಚಿತ್ರದ ಮೇಲೆ ಎಸೆದ. ಅದು ಹೋಗಿ ಬಿದ್ದ ಜಾಗದಲ್ಲಿ ನೊರೆ ಬಂದಿತ್ತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಅದೃಷ್ಟ ನೋಡಿ ಅಂತ ಮುಗಿಸುತ್ತಾರೆ. ಆ ಸ್ಪಂಜಿನಲ್ಲಿ ಏನಿತ್ತು ಅಂತ ಯೋಚಿಸಿ. ಅವನು ಇಡೀ ದಿನ ಒರೆಸಿದ ನೊರೆಯ ಬಣ್ಣ ಇತ್ತು. ಅವನ ಸೋಲುಗಳೆಲ್ಲ ಆ ಸ್ಪಂಜಿನಲ್ಲಿ ಕೂತಿದ್ದವು. ಬೆಳಿಗ್ಗೆ ಬಂದ ಕೂಡಲೇ ಹೊಸ ಸ್ಪಂಜ್ ಎಸೆದಿದ್ದರೆ ಚಿತ್ರ ಒದ್ದೆಯಾಗುತ್ತಿತ್ತು, ಅಷ್ಟೇ.

ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಚಿತ್ರಕಾರರಿಗೆ ಒಂದು ಸಲಹೆ ಕೊಡುತ್ತಾನೆ. ಕಲೆ ಬಿದ್ದ ಗೋಡೆಗಳನ್ನು ನೋಡಿ, ಅಲ್ಲಿ ಬೆಟ್ಟ, ನದಿ, ಯುದ್ಧ, ಮುಖ ಎಲ್ಲ ಕಾಣುತ್ತವೆ ಅಂತ. ಗಂಟೆಯ ಸದ್ದಿನಲ್ಲಿ ನಮಗೆ ಬೇಕಾದ ಹೆಸರು ಕೇಳಿಸುತ್ತದಲ್ಲ, ಹಾಗೆ. ಆದರೆ ಬಣ್ಣದ ಸ್ಪಂಜನ್ನು ಗೋಡೆಗೆ ಎಸೆದರೆ ನಿಸರ್ಗದ ಚಿತ್ರ ಕಾಣುತ್ತದೆ, ಅದಕ್ಕೆ ಬೇರೆ ಅಧ್ಯಯನ ಯಾಕೆ ಅಂತ ಅವನ ಕಾಲದ ಇನ್ನೊಬ್ಬ ಚಿತ್ರಕಾರ ಬೊಟಿಚೆಲ್ಲಿ ಅಂದಾಗ ಲಿಯೊನಾರ್ಡೊ ಒಪ್ಪಲಿಲ್ಲ. ಗೋಡೆಯ ಕಲೆ ನಿನಗೆ ಹೊಳಹು ಕೊಡಬಹುದು, ಒಂದೇ ಒಂದು ಭಾಗವನ್ನೂ ಪೂರ್ತಿ ಮಾಡುವುದು ಹೇಗೆ ಅಂತ ಹೇಳಿಕೊಡುವುದಿಲ್ಲ ಅನ್ನುವುದು ಅವನ ಉತ್ತರ. ನಾನು ಲಿಯೊನಾರ್ಡೊ ಕಡೆ.

ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ಭಾಷೆಯಲ್ಲಿ ಬಟ್ಟೆಗೆ ಆಗುವುದೂ ಕಲೆ, ಚಿತ್ರ ಬರೆಯುವುದೂ ಕಲೆ. ಮೂಲ ಬೇರೆ ಬೇರೆ. ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ನಮ್ಮದೇ ಮಾತು. ಆದರೂ ಕನ್ನಡದಲ್ಲಿ ಬಂದು ಎರಡೂ ಒಂದೇ ಮನೆಯಲ್ಲಿ ಇದ್ದುಬಿಟ್ಟಿವೆ. ನಾನು ಚಿಕ್ಕವನಿದ್ದಾಗ ಅಂಗಿಗೆ ಬಣ್ಣ ಮಾಡಿಕೊಂಡು ಬಂದರೆ ನಮ್ಮಮ್ಮ ಇವನ ಕಲೆ ನೋಡಿ ಅನ್ನುತ್ತಿದ್ದರು. ಯಾವ ಅರ್ಥದಲ್ಲಿ ಅಂತ ಆಗ ಗೊತ್ತಾಗುತ್ತಿರಲಿಲ್ಲ.

ಹೊರಗಿನವರ ಉದಾಹರಣೆಯೇ ಜಾಸ್ತಿ ಆಯಿತು ಅಲ್ವಾ? ನಮ್ಮ ವಿಜಾಪುರಕ್ಕೆ ಬರೋಣ. ಈ ವಿಷಯ ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು ಅಂತ ನನಗೆ ತುಂಬ ಆಸೆ.

ಶಾಲೆಯಲ್ಲಿ ನೀವು ಒಂದು ಆಟ ಆಡಿರುತ್ತೀರಿ. ಬಕೆಟ್ ನೀರಿಗೆ ಆಯಿಲ್ ಪೇಂಟ್ ಹನಿ ಹಾಕಿ ಕಡ್ಡಿಯಿಂದ ಕಲಕಿ, ಮೇಲೆ ಕಾಗದ ಇಟ್ಟು ಎತ್ತುವುದು. ಬಣ್ಣದ ಸುರುಳಿಗಳು ಕಾಗದಕ್ಕೆ ಹತ್ತಿಕೊಂಡು ಬರುತ್ತವೆ. ಇದು ದೊಡ್ಡ ವಿದ್ಯೆ. ತುರ್ಕಿಯಲ್ಲಿ ಇದಕ್ಕೆ ಎಬ್ರು ಅನ್ನುತ್ತಾರೆ, ಪರ್ಷಿಯನ್ನಿನಲ್ಲಿ ಅಬ್ರಿ. ಅಬ್ರ್ ಅಂದರೆ ಮೋಡ. ನೀರಿಗೆ ಗೋಂದಿನಂಥದ್ದು ಸೇರಿಸಿ ಸ್ವಲ್ಪ ಗಟ್ಟಿ ಮಾಡುತ್ತಾರೆ, ಬಣ್ಣ ಮುಳುಗದೆ ತೇಲಲಿ ಅಂತ. ಆಮೇಲೆ ಹನಿಸಿ, ಸೂಜಿಯಿಂದ ಎಳೆದು, ಕಾಗದ ಮಲಗಿಸಿ ಎತ್ತುತ್ತಾರೆ. ಒಂದು ನೀರಿನಿಂದ ಒಂದೇ ಚಿತ್ರ. ಅದೇ ಇನ್ನೊಂದು ಸಲ ಬರುವುದಿಲ್ಲ.

ಬೇರೆ ಕಡೆ ಈ ಕಾಗದವನ್ನು ಹೆಚ್ಚಾಗಿ ಪುಸ್ತಕದ ಅಂಚಿಗೆ, ರಟ್ಟಿನ ಒಳಗೆ, ಸುಂದರ ಬರವಣಿಗೆಯ ಹಿನ್ನೆಲೆಗೆ ಬಳಸುತ್ತಿದ್ದರು. ಆದಿಲ್‌ಶಾಹಿ ವಿಜಾಪುರದಲ್ಲಿ, 17ನೇ ಶತಮಾನದ ಮೊದಲರ್ಧದ ಹೊತ್ತಿಗೆ, ಚಿತ್ರಕಾರರು ಒಂದು ಹೆಜ್ಜೆ ಮುಂದೆ ಹೋದರು. ಕಾಗದದ ಕೆಲವು ಭಾಗವನ್ನು ಬಣ್ಣ ಹತ್ತದ ಹಾಗೆ ಮುಚ್ಚಿ, ಉಳಿದ ಭಾಗಕ್ಕೆ ಮಾತ್ರ ನೀರಿನ ಬಣ್ಣ ಹತ್ತಿಸಿದರು. ಆಮೇಲೆ ತೆಳುವಾದ ಕುಂಚದಿಂದ ಗೆರೆ. ಅಂಥ ಒಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸುಮಾರು 1625ರದ್ದು ಅಂತ ಹೇಳುತ್ತಾರೆ. ಎಲುಬು ಕಾಣುವ ಬಡಕಲು ಕುದುರೆ, ಅದರ ಮೇಲೆ ಅಷ್ಟೇ ಬಡಕಲು ಸವಾರ.

ಈ ಕೆಲಸದಲ್ಲಿ ನನಗೆ ಬೆರಗು ಅನ್ನಿಸುವುದು ಪಾಲು ಹಂಚಿದ ರೀತಿ. ಸುರುಳಿ ಹೇಗೆ ಬರಬೇಕು ಅನ್ನುವುದು ನೀರಿಗೆ ಬಿಟ್ಟಿದ್ದು. ಅದು ಎಲ್ಲಿ ನಿಲ್ಲಬೇಕು ಅನ್ನುವುದು ಚಿತ್ರಕಾರನದ್ದು. ಅಂಚು ಒಂದು ಕೂದಲೆಳೆ ಆಚೆ ಹೋಗುವಂತಿಲ್ಲ. ನೀರಿನ ಮುಂದೆ ಕೈಕಟ್ಟಿ ನಿಂತವನೂ ಅವನೇ, ಕುದುರೆಯ ಕಿವಿಯ ತುದಿಗೆ ಉಸಿರು ಬಿಗಿಹಿಡಿದು ಗೆರೆ ಎಳೆದವನೂ ಅವನೇ. 400 ವರ್ಷದ ಹಿಂದೆ, ನಮ್ಮ ನೆಲದಲ್ಲಿ. ಯೂರೋಪಿನವರು 20ನೇ ಶತಮಾನದಲ್ಲಿ ಆಕಸ್ಮಿಕವನ್ನು ಕಲೆಗೆ ತಂದರು ಅಂತ ಪಾಠ ಕೇಳುವಾಗ ಇದನ್ನೂ ನೆನಪಿಟ್ಟುಕೊಳ್ಳಿ.

ಇನ್ನೊಬ್ಬರು ರವೀಂದ್ರನಾಥ ಟ್ಯಾಗೋರ್. ಅವರ ಹಸ್ತಪ್ರತಿಗಳ ಚಿತ್ರ ನೋಡಿದ್ದೀರಾ? ಪದ್ಯ ಬರೆಯುತ್ತಾ ಒಂದು ಪದ ಬೇಡ ಅನ್ನಿಸಿದರೆ ನಾವೇನು ಮಾಡುತ್ತೇವೆ? ಅಡ್ಡ ಗೆರೆ ಹಾಕುತ್ತೇವೆ. ಟ್ಯಾಗೋರರೂ ಹಾಗೇ ಹೊಡೆದು ಹಾಕುತ್ತಿದ್ದರು. ಆದರೆ ಆ ಕಾಟು ಹಾಗೇ ಬಿದ್ದಿರುವುದು ಅವರಿಗೆ ಸಹಿಸುತ್ತಿರಲಿಲ್ಲ. ಇಲ್ಲೊಂದು ಕಾಟು, ಅಲ್ಲೊಂದು ಕಾಟು, ಎರಡನ್ನೂ ಒಂದು ಬಳ್ಳಿಯಿಂದ ಕೂಡಿಸುವುದು. ಕೂಡಿಸುತ್ತಾ ಕೂಡಿಸುತ್ತಾ ಅದಕ್ಕೆ ಕೊಕ್ಕು ಬರುತ್ತಿತ್ತು, ಬಾಲ ಬರುತ್ತಿತ್ತು. ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಪದ್ಯದ ಮಧ್ಯೆ ಎದ್ದು ಕೂರುತ್ತಿತ್ತು. 1924ರಲ್ಲಿ ಅವರು ಆರೋಗ್ಯ ಸರಿಯಿಲ್ಲದೆ ಅರ್ಜೆಂಟೀನಾದಲ್ಲಿ ಉಳಿದಿದ್ದರು. ಅಲ್ಲಿ ಅವರನ್ನು ನೋಡಿಕೊಂಡ ಲೇಖಕಿ ವಿಕ್ಟೋರಿಯಾ ಒಕಾಂಪೊ ಆ ಹಾಳೆಗಳನ್ನು ಕಂಡು ಬೆರಗಾದರು. 1930ರಲ್ಲಿ ಪ್ಯಾರಿಸಿನಲ್ಲಿ ಟ್ಯಾಗೋರರ ಮೊದಲ ಚಿತ್ರ ಪ್ರದರ್ಶನ ಆಯಿತು. ಅದಕ್ಕೆ ಓಡಾಡಿದವರಲ್ಲಿ ಒಕಾಂಪೊ ಮುಖ್ಯರು. ಆಗ ಕವಿಗೆ ಸುಮಾರು 69 ವರ್ಷ. ಕೊನೆಗಾಲದ ಹತ್ತು ಹದಿನೈದು ವರ್ಷದಲ್ಲಿ ಅವರು 2000ಕ್ಕೂ ಹೆಚ್ಚು ಚಿತ್ರ ಮಾಡಿದರು.

ಯೋಚಿಸಿ ನೋಡಿ. ಚಿತ್ರ ಕಲಿಯಲು ಅವರು ಕೂತಿದ್ದಲ್ಲ. ಬೇಡದ ಪದಗಳು ಅವರನ್ನು ಚಿತ್ರಕ್ಕೆ ಕರೆದುಕೊಂಡು ಹೋದವು. ಆದರೆ ಒಂದು ಕಾಟಿಗೂ ಇನ್ನೊಂದಕ್ಕೂ ನಡುವೆ ಲಯ ಇರಬೇಕು ಅನ್ನುವ ಹಟ ಎಲ್ಲಿಂದ ಬಂತು? ಅದು ಐವತ್ತು ವರ್ಷ ಪದ್ಯ ಬರೆದ ಕೈಯದ್ದು.

ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಮನೆಗೆ ಬಳಿಯುವ ಪೇಂಟನ್ನು ಕಡ್ಡಿಯಿಂದ ಚೆಲ್ಲುತ್ತಾ ಹೋದವರು. ನೋಡಿದವರಿಗೆ ಎಲ್ಲ ಆಕಸ್ಮಿಕ ಅನ್ನಿಸುತ್ತದೆ. ಅವರನ್ನು ಕೇಳಿದಾಗ ಆಕಸ್ಮಿಕ ಅನ್ನುವುದನ್ನೇ ನಾನು ಒಪ್ಪುವುದಿಲ್ಲ ಅಂದರು. ದೋಸೆ ಹುಯ್ಯುವವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹಿಟ್ಟು ಎಲ್ಲಿ ಹರಡುತ್ತದೆ ಅನ್ನುವುದು ಹಿಟ್ಟಿನ ಕೈಲಿದೆ, ಆದರೆ ದೋಸೆ ದುಂಡಗೆ ಬರುತ್ತದೆ.

ಬ್ರಿಟನ್ನಿನ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಇದಕ್ಕೆ ಉಲ್ಟಾ. ಅವರು ಆಕಸ್ಮಿಕವನ್ನು ಬಾಯಿ ತುಂಬ ಹೊಗಳಿದವರು. 1946ರ ಅವರ ಒಂದು ದೊಡ್ಡ ಚಿತ್ರದಲ್ಲಿ ಕೊಡೆಯ ಕೆಳಗೆ ಕಪ್ಪು ಬಟ್ಟೆಯ ಮನುಷ್ಯ, ಹಿಂದೆ ತೂಗುಹಾಕಿದ ಮಾಂಸ. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ತಾನು ಬರೆಯಲು ಹೊರಟಿದ್ದು ಹೊಲಕ್ಕೆ ಇಳಿಯುವ ಒಂದು ಹಕ್ಕಿಯನ್ನು ಅಂತ ಅವರೇ ಹೇಳಿದ್ದಾರೆ. ಎಳೆದ ಗೆರೆಗಳು ಬೇರೇನನ್ನೋ ತೋರಿಸಿದವು, ಅದರ ಹಿಂದೆ ಹೋದರಂತೆ. 1992ರಲ್ಲಿ ಅವರು ತೀರಿಕೊಂಡ ಮೇಲೆ ಸ್ಟುಡಿಯೋದಲ್ಲಿ ಏನು ಸಿಕ್ಕಿತು ಗೊತ್ತಾ? ಅವರೇ ಚಾಕುವಿನಿಂದ ಕೊಯ್ದು ಹಾಕಿದ ಸುಮಾರು 100 ಕ್ಯಾನ್ವಾಸ್. ಆಕಸ್ಮಿಕವನ್ನು ಅಷ್ಟು ನಂಬಿದ ಮನುಷ್ಯ ಅದು ಕೊಟ್ಟದ್ದನ್ನೆಲ್ಲ ಇಟ್ಟುಕೊಳ್ಳಲಿಲ್ಲ.

ಈಗ ನನ್ನ ಫ್ಯಾನಿಗೆ ವಾಪಸ್ ಬರುತ್ತೇನೆ. ಆ ರಾತ್ರಿಯ ನಂತರ ನಾನು ಏನು ಮಾಡಿದೆ ಅಂತ ಹೇಳದಿದ್ದರೆ ಅರ್ಧ ಕಥೆ ಹೇಳಿದ ಹಾಗೆ.

ನಾನು ಫ್ಯಾನ್ ಆರಿಸಿ ಕೆಲಸ ಮಾಡಲು ಶುರು ಮಾಡಿದೆ. ಮೊದಲ 20 ಹಾಳೆಯಲ್ಲಿ ಅಂಥದ್ದು ಬರಲೇ ಇಲ್ಲ. ನೀರು ಜಾಸ್ತಿಯಾದರೆ ಬಣ್ಣ ಕೊಚ್ಚಿಕೊಂಡು ಹೋಗುತ್ತಿತ್ತು, ಕಮ್ಮಿಯಾದರೆ ಕಲೆ ಕಲೆ. ಹಾಳೆಯ ಹೊಳಪು ಮಾಯವಾಗುವ ಒಂದು ಗಳಿಗೆ ಇದೆ. ಮುಟ್ಟಿದರೆ ತಣ್ಣಗಿರುತ್ತದೆ, ಆದರೆ ಬೆರಳಿಗೆ ನೀರು ಹತ್ತುವುದಿಲ್ಲ. ಅದರ ಮುಂಚೆ ಏನು ಮಾಡಬೇಕು, ಆಮೇಲೆ ಏನು ಮಾಡಬಾರದು ಅನ್ನುವುದು ನಿಧಾನಕ್ಕೆ ಗೊತ್ತಾಯಿತು. ಎರಡು ವರ್ಷದಲ್ಲಿ ಆ ಮಂಜು ನಾನು ಕರೆದಾಗ ಬರತೊಡಗಿತು. ಚಿತ್ರಗಳು ಮಾರಾಟವಾದವು. ಜನ ನಿಮ್ಮ ಮಂಜು ಅಂತ ಗುರುತಿಸಿದರು. ಒಂದು ದಿನ ಸಾಲಾಗಿ ತೂಗುಹಾಕಿದ ನನ್ನ ಚಿತ್ರಗಳ ಮುಂದೆ ನಿಂತಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಎಲ್ಲ ಒಂದೇ ಮಂಜು. ಮತ್ತೆ ಕ್ಯಾಲೆಂಡರ್. ಈ ಸಲ ನನ್ನದೇ ಕ್ಯಾಲೆಂಡರ್.

ಆಕಸ್ಮಿಕ ಒಂದು ಸಲ ಬರುತ್ತದೆ. ಅದನ್ನು ಹಿಡಿದು ಪಳಗಿಸಿದರೆ ತಂತ್ರವಾಗುತ್ತದೆ. ತಂತ್ರ ಹಳತಾದರೆ ಚಾಳಿಯಾಗುತ್ತದೆ. ಒದ್ದೆ ಬಣ್ಣದ ಮೇಲೆ ಉಪ್ಪಿನ ಹರಳು ಉದುರಿಸಿದರೆ ನಕ್ಷತ್ರದ ಹಾಗೆ ಬಿಳಿ ಚುಕ್ಕೆ ಬರುತ್ತವೆ, ನಿಮ್ಮಲ್ಲಿ ಎಷ್ಟೋ ಜನ ಮಾಡಿದ್ದೀರಿ. ಮೊದಲು ಅದನ್ನು ಕಂಡವರಿಗೆ ಎಷ್ಟು ಖುಷಿಯಾಗಿರಬೇಕು! ಇವತ್ತು ಅದನ್ನು ಕಂಡ ಕೂಡಲೇ ಉಪ್ಪು ಅನ್ನುತ್ತೇವೆ, ಚಿತ್ರ ಕಾಣುವುದೇ ಇಲ್ಲ.

ಹಾಗಾಗಿ ನಾನು ನನ್ನ ಕೈಗೆ ಆಗಾಗ ತೊಂದರೆ ಕೊಡುತ್ತೇನೆ. ಎಡಗೈಯಲ್ಲಿ ಬರೆಯುತ್ತೇನೆ. ನನಗೆ ಒಗ್ಗದ ಕಾಗದ ತರುತ್ತೇನೆ. ಹಾಳೆಯನ್ನು ತಲೆಕೆಳಗೆ ಮಾಡಿ ಮುಂದುವರಿಸುತ್ತೇನೆ. ರಷ್ಯಾದ ಚಿತ್ರಕಾರ ಕ್ಯಾಂಡಿನ್ಸ್ಕಿ ಒಂದು ಸಂಜೆ ಮನೆಗೆ ಬಂದಾಗ ಗೋಡೆಗೆ ಒರಗಿದ್ದ ಒಂದು ಅದ್ಭುತ ಚಿತ್ರ ಕಂಡರಂತೆ. ಹತ್ತಿರ ಹೋಗಿ ನೋಡಿದರೆ ಅವರದ್ದೇ ಚಿತ್ರ, ಅಡ್ಡವಾಗಿ ನಿಂತಿತ್ತು. ಮರುದಿನ ಬೆಳಕಿನಲ್ಲಿ ಮತ್ತೆ ಅದೇ ಥರ ನೋಡಲು ಹೋದರು, ಅರ್ಧ ಮಾತ್ರ ಕಂಡಿತು. ಈ ಎರಡನೇ ಭಾಗವನ್ನು ಬಿಟ್ಟು ಹೇಳಬೇಡಿ. ಅದೇ ನಿಜವಾದ ಭಾಗ.

ಮೊನ್ನೆ ಒಂದು ಶಿಬಿರದಲ್ಲಿ ಒಬ್ಬಳು ಹುಡುಗಿ ಕೇಳಿದಳು, ಸರ್, ತಾನಾಗಿ ಆದದ್ದಕ್ಕೆ ನನ್ನ ಸಹಿ ಹಾಕಿದರೆ ಮೋಸ ಅಲ್ವಾ? ತುಂಬ ಒಳ್ಳೆಯ ಪ್ರಶ್ನೆ. ನಾನು ಅವಳಿಗೆ ಒಂದು ಕೆಲಸ ಹೇಳಿದೆ. ಕೆಟ್ಟ ಹಾಳೆಗಳನ್ನು ಒಂದು ತಿಂಗಳು ಹರಿಯಬೇಡ, ಮಂಚದ ಕೆಳಗೆ ಇಡು. ತಿಂಗಳಾದ ಮೇಲೆ ತೆಗೆದು ಒಂದೊಂದಾಗಿ ನೋಡು. ಯಾವುದನ್ನು ಇಟ್ಟುಕೊಳ್ಳುತ್ತೀಯಾ, ಯಾವುದನ್ನು ಎಸೆಯುತ್ತೀಯಾ, ಯಾಕೆ ಅಂತ ಹಿಂದುಗಡೆ ಬರೆದಿಡು. ಆ ಬರಹ ಓದಿದರೆ ಸಹಿ ಯಾರದ್ದು ಅಂತ ಗೊತ್ತಾಗುತ್ತದೆ.

ಸರಿ, ಹಾಳೆ ಒಣಗಿದ ಹಾಗಿದೆ. ಮುಂದಿನ ಸಾಲಿನವರು ಎದ್ದು ಬನ್ನಿ, ಸುತ್ತ ನಿಲ್ಲಿ.

ಏನು ಕಾಣುತ್ತದೆ? ಅಮ್ಮ, ನೀವು ಆನೆ ಅಂದಿರಿ. ಇವರು ಕೆರೆ ಏರಿ ಅನ್ನುತ್ತಿದ್ದಾರೆ. ನನಗೆ ನಿಜ ಹೇಳಬೇಕು ಅಂದರೆ ಹೆಚ್ಚೇನೂ ಕಾಣುತ್ತಿಲ್ಲ. ಮಧ್ಯದಲ್ಲಿ ಎರಡೂ ಬಣ್ಣ ಬೆರೆತು ಕೆಸರಾಗಿದೆ. ಬಲಗಡೆ ನೀಲಿ ಚೆನ್ನಾಗಿ ಕೂತಿದೆ, ಆದರೆ ಅದು ನನಗೆ ಮೊದಲೇ ಗೊತ್ತಿದ್ದ ನೀಲಿ. ಈಗ ಈ ರಟ್ಟಿನ ತುಂಡುಗಳನ್ನು ನೋಡಿ, ಎಲ್ ಆಕಾರದಲ್ಲಿ ಕತ್ತರಿಸಿದ್ದು. ಎರಡನ್ನೂ ಹೀಗೆ ಎದುರು ಬದುರು ಇಟ್ಟರೆ ಒಂದು ಕಿಟಕಿ ಆಗುತ್ತದೆ. ಕಿಟಕಿಯನ್ನು ಹಾಳೆಯ ಮೇಲೆ ಸರಿಸುತ್ತಾ ಹೋಗೋಣ. ಇಲ್ಲಿ ಇಲ್ಲ. ಇಲ್ಲೂ ಇಲ್ಲ. ಇಲ್ಲಿ, ಎಡಗಡೆ ಕೆಳಮೂಲೆಯಲ್ಲಿ, ಟೇಪಿನ ಹತ್ತಿರ ನೀರು ನಿಂತು ವಾಪಸ್ ಹರಿದಿದೆ. ಕಂದು ಬಣ್ಣ ದಡ ಕಟ್ಟಿದೆ. ನಾಲ್ಕು ಬೆರಳು ಅಗಲ ಇರಬಹುದು. ಇದು ಏನು ಅಂತ ನನಗೆ ಇನ್ನೂ ಗೊತ್ತಿಲ್ಲ, ಆದರೆ ಕಣ್ಣು ಅಲ್ಲಿಂದ ಏಳುತ್ತಿಲ್ಲ. ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಹಾಕಿ ಇಡುತ್ತೇನೆ. ನಾಳೆ ಬೆಳಿಗ್ಗೆ ಮತ್ತೆ ನೋಡುತ್ತೇನೆ. ಈಗ ಫ್ಯಾನ್ ಹಾಕಬಹುದು.